ಬಿಸಿಲ್ಗುದುರೆಯ ಸೀಮೆಗೆ: ಬೋಟ್ಸ್ವಾನಾದ ಉಪ್ಪಿನ ಬಯಲಿಗೆ ಹೋಗಿಬರುವುದು ಹೇಗೆ

ಬೋಟ್ಸ್ವಾನಾದ ಮಕ್‌ಗಡಿಕ್‌ಗಡಿ ಎಂಬ ಉಪ್ಪಿನ ಬಯಲಿಗೆ ಹೋಗಬೇಕೆಂದು ಸಲಹೆ ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನೋಡಲು ಏನೂ ಇಲ್ಲದ ಕಡೆ ಎರಡು ದಿನ ಬೇಸರವಿಲ್ಲದೆ ಇರಬಲ್ಲಿರಾ? ಆನೆ, ಸಿಂಹ, ಚಿರತೆ ಎಂದು ಎಣಿಸಿಕೊಂಡು ಹೊರಡುವವರಿಗೆ ಅದೇ ದೇಶದಲ್ಲಿ ಚೋಬೆ ಇದೆ, ಒಕವಾಂಗೊ ಇದೆ. ಇದು ಬೇರೆಯೇ ಜಾಗ. ನೆಲ ಲಟ್ಟಿಸಿ ಹರಡಿದಂತೆ ಮಟ್ಟಸ, ಬಣ್ಣ ಬೂದುಬಿಳುಪು, ಒಂದು ಹುಲ್ಲುಕಡ್ಡಿಯೂ ಕಾಣದು. ಮಧ್ಯಾಹ್ನವಾದರೆ ಸುತ್ತಲೂ ಕೆರೆ ತುಂಬಿದಂತೆ ಬಿಸಿಲ್ಗುದುರೆ. ಏನೂ ಇಲ್ಲ ಎಂದು ತಿಳಿದೇ ಹೋದವರು ಖುಷಿಯಾಗಿ ಬರುತ್ತಾರೆ. ತಿಳಿಯದೆ ಹೋದವರು ಅರ್ಧ ದಿನಕ್ಕೇ ‘ಮುಂದೇನು?’ ಎನ್ನುತ್ತಾರೆ.

ಹೆಸರನ್ನು ನಕ್ಷೆಗಳಲ್ಲಿ ಹಾಗೆ ಬರೆದಿದ್ದರೂ ಅಲ್ಲಿಯವರ ಬಾಯಲ್ಲಿ ಅದು ‘ಮಖಾಡಿಖಾಡಿ’ ಎಂದೇ ಕೇಳಿಸುತ್ತದೆ, ಖಕಾರ ಗಂಟಲು ಕೆರೆದುಕೊಂಡು ಬರುತ್ತದೆ. ಒಂದೇ ಬಯಲಲ್ಲ. ಪೂರ್ವಕ್ಕೆ ಸುವಾ, ಪಶ್ಚಿಮಕ್ಕೆ ಎನ್‌ಟ್ವೆಟ್ವೆ ಎಂಬ ಎರಡು ದೊಡ್ಡವು, ಸುತ್ತ ಲೆಕ್ಕವಿಲ್ಲದಷ್ಟು ಚಿಕ್ಕವು, ನಡುನಡುವೆ ಹುಲ್ಲು ಮತ್ತು ಮರಳು. ಒಟ್ಟು ವಿಸ್ತಾರವನ್ನು ಕೆಲವರು 12,000 ಚದರ ಕಿ.ಮೀ. ಎಂದರೆ ಕೆಲವರು 16,000 ಎನ್ನುತ್ತಾರೆ. ಅಂಚು ಎಲ್ಲಿ ಮುಗಿಯಿತು ಎಂದು ಹೇಳುವುದೇ ಕಷ್ಟ. ಹೆಚ್ಚುಕಡಿಮೆ ಬೆಳಗಾವಿ ಜಿಲ್ಲೆಯಷ್ಟು ಎಂದುಕೊಳ್ಳಿ. ಒಂದು ಊರೂ ಇಲ್ಲದ, ಒಂದು ಬಾವಿಯೂ ಇಲ್ಲದ ಬೆಳಗಾವಿ ಜಿಲ್ಲೆ.

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರ ನೋಡಿದವರಿಗೆ ಉಪ್ಪು ಎಂದರೆ ಸಮುದ್ರದಿಂದ ಬರುವುದು, ಜನ ಗೋರಿ ರಾಶಿ ಹಾಕುವುದು. ಇಲ್ಲಿ ಸಮುದ್ರ ನೂರಾರು ಕಿಲೋಮೀಟರ್ ದೂರ. ಹಿಂದೊಮ್ಮೆ ಇಲ್ಲಿ ಬೃಹತ್ ಸರೋವರವಿತ್ತು. ಭೂಮಿಯ ಪದರ ಮೇಲೆದ್ದು ಅದಕ್ಕೆ ನೀರು ತರುತ್ತಿದ್ದ ನದಿಗಳ ದಾರಿ ತಿರುಗಿತು, ಇದ್ದ ನೀರು ಸಾವಿರಾರು ವರ್ಷ ಆವಿಯಾಗುತ್ತ ಹೋಯಿತು, ಕರಗಿದ್ದ ಲವಣ ತಳದಲ್ಲಿ ಉಳಿಯಿತು. ಸ್ಥಳೀಯ ಸಾನ್ ಜನರ ಮಾತಿನಲ್ಲಿ ‘ಸುವಾ’ ಎಂದರೆ ಉಪ್ಪು ಎಂದೇ ಅರ್ಥ. ಆ ಬಯಲಿನ ಪೂರ್ವ ಅಂಚಿನಲ್ಲಿ 1991ರಿಂದ ನೆಲದಡಿಯ ಉಪ್ಪುನೀರನ್ನು ಪಂಪಿನಿಂದ ಎತ್ತಿ ಸೋಡಾ ಬೂದಿ ಮತ್ತು ಉಪ್ಪು ತೆಗೆಯುವ ಕಾರ್ಖಾನೆಯೂ ನಡೆಯುತ್ತಿದೆ.

ಈ ಕತೆ ಹೇಳಿದ್ದು ಭೂಗೋಳದ ಪಾಠಕ್ಕಲ್ಲ. ಮೇಲಿನ ಉಪ್ಪಿನ ತೊಗಟೆಯ ಕೆಳಗೆ ಇಂದಿಗೂ ಕೆರೆಯ ಕೆಸರೇ ಇದೆ. ನಿಮ್ಮ ಗಾಡಿ ನಿಲ್ಲುವುದು ಅದರ ಮೇಲೆ.

ಮೊದಲನೆಯದು: ತಿಂಗಳು ಆರಿಸಿಕೊಳ್ಳಿ

ಟಿಕೆಟ್ ಅಗ್ಗ ಸಿಕ್ಕಿತು ಎಂದು ತಿಂಗಳು ನಿರ್ಧರಿಸಬೇಡಿ. ಇಲ್ಲಿ ಎರಡೇ ಕಾಲ, ಅವು ಎರಡು ಬೇರೆ ಜಾಗಗಳಷ್ಟು ಬೇರೆ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಣ ಕಾಲ. ಬಯಲಿನ ಮೇಲೆ ಗಾಡಿ ಓಡಿಸಬೇಕು, ನಡುಬಯಲಿನಲ್ಲಿ ಮಲಗಬೇಕು ಎನ್ನುವವರಿಗೆ ಜುಲೈನಿಂದ ಸೆಪ್ಟೆಂಬರ್ ಸರಿ. ಮೇ ತಿಂಗಳಲ್ಲಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುವುದುಂಟು. ಅಕ್ಟೋಬರಿನಲ್ಲಿ ನೆಲ ಗಟ್ಟಿ, ಆದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ನೆರಳು ಎಂಬುದೇ ಇಲ್ಲ. ಜೂನ್-ಜುಲೈ ರಾತ್ರಿಗಳು ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತವೆ. ಬಯಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ಅಂದರೆ ಬೆಂಗಳೂರಿನಷ್ಟೇ ಎತ್ತರ. ‘ಹಾಗಾದರೆ ಬೆಂಗಳೂರಿನ ಚಳಿ ತಾನೇ’ ಎಂದು ತೆಳ್ಳನೆ ಸ್ವೆಟರ್ ಒಯ್ದಿದ್ದೆ. ಒಣ ಗಾಳಿಯಲ್ಲಿ ನೆಲದ ಬಿಸಿಯೆಲ್ಲ ಸೂರ್ಯನ ಜೊತೆಗೇ ಮುಳುಗಿಬಿಡುತ್ತದೆ. ಕಂಬಳಿಯಂಥದ್ದು ಬೇಕೇ ಬೇಕು.

ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ. ಚೆನ್ನಾಗಿ ಮಳೆಯಾದ ವರ್ಷ ಜಿಂಬಾಬ್ವೆ ಕಡೆಯಿಂದ ನಾಟಾ ನದಿ ಹರಿದು ಬಂದು ಸುವಾ ಬಯಲಿನ ಉತ್ತರ ಭಾಗದಲ್ಲಿ ಮೊಣಕಾಲುದ್ದ ನೀರು ಹರಡುತ್ತದೆ. ಉಪ್ಪಿನೊಳಗೆ ತಿಂಗಳುಗಟ್ಟಲೆ ಸತ್ತಂತೆ ಬಿದ್ದಿದ್ದ ಪುಟ್ಟ ಸಿಗಡಿಯ ಮೊಟ್ಟೆಗಳು ಒಡೆಯುತ್ತವೆ, ನೀರಿನಲ್ಲಿ ಪಾಚಿ ಬೆಳೆಯುತ್ತದೆ, ಅವನ್ನು ತಿನ್ನಲು ರಾಜಹಂಸಗಳು (ಫ್ಲೆಮಿಂಗೊ) ಬಂದಿಳಿಯುತ್ತವೆ. ದೊಡ್ಡ ಜಾತಿಯದು ಸಿಗಡಿಗೆ, ಚಿಕ್ಕ ಜಾತಿಯದು ಪಾಚಿಗೆ. ಅವುಗಳ ಗುಲಾಬಿ ಬಣ್ಣವೂ ಈ ಊಟದಿಂದಲೇ ಬರುವುದು. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಇವು ಮರಿ ಮಾಡುವ ಮುಖ್ಯ ತಾಣಗಳಲ್ಲಿ ಸುವಾ ಒಂದು. ಜೀಬ್ರಾಗಳೂ ಇದೇ ಕಾಲಕ್ಕೆ ಹೊಸ ಹುಲ್ಲು ಅರಸಿ ಬರುತ್ತವೆ. ಚೋಬೆ ನದಿಯಿಂದ ನೈ ಬಯಲಿನವರೆಗೆ ಒಂದು ದಿಕ್ಕಿಗೆ ಸುಮಾರು 250 ಕಿ.ಮೀ. ನಡೆದು ಬರುವ ಜೀಬ್ರಾಗಳನ್ನು 2012ರ ಸುಮಾರಿಗೆ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಪತ್ತೆ ಹಚ್ಚಿದರು. ಅಷ್ಟು ದೊಡ್ಡ ನಡಿಗೆ ಅಲ್ಲಿಯವರೆಗೆ ಹೊರಜಗತ್ತಿಗೆ ಗೊತ್ತೇ ಇರಲಿಲ್ಲ.

ಆದರೆ ಮಳೆಗಾಲದಲ್ಲಿ ಬಯಲಿನ ಮೇಲೆ ಗಾಡಿ ಇಳಿಸುವ ಮಾತೇ ಬೇಡ. ಹಕ್ಕಿ ಬೇಕೋ, ಬಯಲು ಬೇಕೋ? ಒಂದೇ ಪ್ರವಾಸದಲ್ಲಿ ಎರಡೂ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಬಯಲು. ಹಕ್ಕಿಗಾದರೆ ಅಷ್ಟು ದೂರ ಹೋಗಬೇಕಿಲ್ಲ, ರಾಜಹಂಸ ನಮ್ಮ ಕಛ್‌ಗೂ ಬರುತ್ತದೆ.

ಎರಡನೆಯದು: ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ

ಫ್ರಾನ್ಸಿಸ್‌ಟೌನ್‌ನಿಂದ ನಾಟಾ, ಅಲ್ಲಿಂದ ಗ್ವೆಟಾ, ಅಲ್ಲಿಂದ ಮೌನ್. ಈ ಡಾಂಬರು ಹೆದ್ದಾರಿ ಬಯಲಿನ ಉತ್ತರ ಅಂಚಿನುದ್ದಕ್ಕೂ ಸಾಗುತ್ತದೆ. ಫ್ರಾನ್ಸಿಸ್‌ಟೌನ್-ನಾಟಾ ಸುಮಾರು 190 ಕಿ.ಮೀ., ನಾಟಾ-ಗ್ವೆಟಾ 100, ಗ್ವೆಟಾ-ಮೌನ್ 200. ಎಲ್ಲಿ ಇಳಿಯಬೇಕೆಂಬುದು ನಿಮ್ಮ ಜೊತೆಗೆ ಯಾರಿದ್ದಾರೆ ಎಂಬುದರ ಮೇಲೆ.

ಅಪ್ಪ-ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾಟಾ ಪಕ್ಷಿಧಾಮ ಸಾಕು. ಸುತ್ತಲಿನ ನಾಲ್ಕು ಹಳ್ಳಿಗಳ ಸಮುದಾಯ ಸೇರಿ ನಡೆಸುವ ಜಾಗ, ಹೆದ್ದಾರಿಯಿಂದ ದೂರವಿಲ್ಲ. ಬಯಲಿನ ಅಂಚಿಗೆ ಹೋಗಿ ಸಂಜೆ ನೋಡಿ ವಾಪಸಾಗಬಹುದು.

ಸ್ವಂತ ಗಾಡಿ ಓಡಿಸುವ ಧೈರ್ಯವಿಲ್ಲ, ಆದರೆ ಒಳಗೆ ಹೋಗಲೇಬೇಕು ಎನ್ನುವವರು ಗ್ವೆಟಾದಲ್ಲಿ ಉಳಿದುಕೊಂಡು ಅಲ್ಲಿನ ಗೈಡುಗಳೊಂದಿಗೆ ಎನ್‌ಟ್ವೆಟ್ವೆಗೆ ಹೋಗಬೇಕು. ಮನುಷ್ಯರಿಗೆ ಒಗ್ಗಿಕೊಂಡ ಮೀರ್‌ಕ್ಯಾಟ್ ಗುಂಪುಗಳನ್ನು ಬೆಳಗ್ಗೆ ತೋರಿಸುತ್ತಾರೆ. ಮುಂಗುಸಿಯ ಬಳಗದ ಈ ಪ್ರಾಣಿಗೆ ಎತ್ತರದ ಜಾಗದಿಂದ ಕಾವಲು ಕಾಯುವ ಚಟ. ಬಯಲಿನಲ್ಲಿ ಎತ್ತರವೆಂದರೆ ಕುಳಿತ ಮನುಷ್ಯನ ತಲೆ. ಹತ್ತಿ ನಿಂತರೆ ಅಲುಗಾಡದೆ ಕುಳಿತಿರಿ, ಕೈಯಿಂದ ಮುಟ್ಟಬೇಡಿ.

ಹಳೆಯ ಮರಗಳ ಮೇಲೆ ಪ್ರೀತಿ ಇದ್ದರೆ ನೈ ರಾಷ್ಟ್ರೀಯ ಉದ್ಯಾನದ ಬೇನ್ಸ್ ಬಾವೊಬಾಬ್‌ಗಳು. 1862ರಲ್ಲಿ ಥಾಮಸ್ ಬೇನ್ಸ್ ಎಂಬ ಚಿತ್ರಕಾರ ಬಿಡಿಸಿದ ಮರಗಳ ಗುಂಪು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಿಂತಿದೆ. ನಾನು ಹೋದಾಗ ಚಿತ್ರದ ಪ್ರತಿಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಕೊಂಬೆಗೆ ಕೊಂಬೆ ತಾಳೆ ನೋಡಿದೆ. ಹಳೆಯ ಪ್ರವಾಸ ಪುಸ್ತಕಗಳಲ್ಲಿ ಹೆಸರಿರುವ ಚಾಪ್‌ಮನ್ ಬಾವೊಬಾಬನ್ನು ಹುಡುಕಿಕೊಂಡು ಹೋಗುವವರಿಗೆ ಒಂದು ಮಾತು: ಅದು 2016ರ ಜನವರಿಯಲ್ಲಿ ಉರುಳಿಬಿತ್ತು. ಬಿದ್ದದ್ದನ್ನೇ ನೋಡಿ ಬರಬೇಕು.

ಪಶ್ಚಿಮದಲ್ಲಿ ಬೊಟೇಟಿ ನದಿ ಇದೆ. ವರ್ಷಗಟ್ಟಲೆ ಬತ್ತಿಹೋಗಿದ್ದು 2009ರ ಹೊತ್ತಿಗೆ ಮತ್ತೆ ಹರಿಯತೊಡಗಿತು. ಒಣ ಕಾಲದಲ್ಲಿ ಜೀಬ್ರಾ ನೋಡಬೇಕಾದರೆ ಆ ದಂಡೆ.

ಇನ್ನು ನನಗೆ ಇಷ್ಟವಾದದ್ದು ದಕ್ಷಿಣದ ಬಾಗಿಲು: ಲೆಟ್ಲಕಾನೆ ಪಟ್ಟಣದ ಕಡೆಯಿಂದ ಮಾಟ್ಶುಮೊ ಎಂಬ ಹಳ್ಳಿ, ಅಲ್ಲಿಂದ ಸುಮಾರು 45 ಕಿ.ಮೀ. ಮಣ್ಣು, ಮರಳು, ಉಪ್ಪು ದಾಟಿ ಕುಬು ದ್ವೀಪ. ಈ ಮಾರ್ಗದರ್ಶಿಯ ಉಳಿದ ಭಾಗ ಮುಖ್ಯವಾಗಿ ಅಲ್ಲಿಗೆ ಹೋಗುವವರಿಗೆ.

ಮೂರನೆಯದು: ಕಾಗದಪತ್ರ, ಚುಚ್ಚುಮದ್ದು, ಹಣ

ಇದನ್ನು ಬೇಗ ಮುಗಿಸುತ್ತೇನೆ. ವೀಸಾ ನಿಯಮ ಬದಲಾಗುತ್ತಿರುತ್ತದೆ. ಹೊರಡುವ ಎರಡು ತಿಂಗಳ ಮೊದಲೇ ನವದೆಹಲಿಯಲ್ಲಿರುವ ಬೋಟ್ಸ್ವಾನಾ ಹೈಕಮಿಷನ್‌ನಿಂದ ಆ ಹೊತ್ತಿನ ನಿಯಮ ತಿಳಿದುಕೊಳ್ಳಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಜೊಹಾನ್ಸ್‌ಬರ್ಗ್ ತಲುಪಿ ಅಲ್ಲಿಂದ ಮೌನ್‌ಗೆ ಚಿಕ್ಕ ವಿಮಾನ ಹಿಡಿಯುವುದು ರೂಢಿ. ಜೊಹಾನ್ಸ್‌ಬರ್ಗಿನಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡುವುದಾದರೆ ದಕ್ಷಿಣ ಆಫ್ರಿಕಾದ ವೀಸಾ ಬೇರೆ ಬೇಕು.

ಅಡಿಸ್ ಅಬಾಬಾ ಅಥವಾ ನೈರೋಬಿ ಮಾರ್ಗವಾಗಿ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹಳದಿ ಪುಸ್ತಕ ಜೊತೆಗಿಟ್ಟುಕೊಳ್ಳಿ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಕಿಸಿಕೊಂಡ ಹತ್ತು ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ತೊಂದರೆ ಹೋಗುವಾಗಲಷ್ಟೇ ಅಲ್ಲ, ಮರಳಿ ಭಾರತಕ್ಕೆ ಇಳಿಯುವಾಗಲೂ ಆಗಬಹುದು. ಉತ್ತರ ಬೋಟ್ಸ್ವಾನಾದಲ್ಲಿ ಮಳೆಗಾಲದಲ್ಲಿ ಮಲೇರಿಯಾ ಇದೆ, ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಮಕ್ಕಳಿದ್ದರೆ ಜನನ ಪ್ರಮಾಣಪತ್ರದ ದೃಢೀಕೃತ ಪ್ರತಿ ಇರಲಿ. ನಿಮ್ಮೂರಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದುಕೊಳ್ಳಿ. ಅಲ್ಲಿಯೂ ಎಡಬದಿಯ ಸಂಚಾರ, ಬಲಬದಿಯ ಸ್ಟಿಯರಿಂಗ್, ಹಾಗಾಗಿ ಕೈಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ.

ಅಲ್ಲಿನ ನಾಣ್ಯದ ಹೆಸರು ಪುಲಾ. ಸೆಟ್ಸ್ವಾನಾ ಭಾಷೆಯಲ್ಲಿ ಪುಲಾ ಎಂದರೆ ಮಳೆ. ಹರಸುವಾಗಲೂ, ಸಭೆಯಲ್ಲಿ ಜಯಕಾರ ಹಾಕುವಾಗಲೂ ಅದೇ ಪದ. ಮಳೆಯನ್ನೇ ದುಡ್ಡೆಂದು ಕರೆಯುವ ನಾಡು ಎಂದರೆ ಅಲ್ಲಿ ನೀರಿನ ಬೆಲೆ ಏನೆಂದು ಅರ್ಥವಾಗಬೇಕು. ಮೌನ್ ಅಥವಾ ಫ್ರಾನ್ಸಿಸ್‌ಟೌನ್‌ನಲ್ಲೇ ನಗದು ತೆಗೆದಿಟ್ಟುಕೊಳ್ಳಿ. ಹಳ್ಳಿಯ ಟಿಕೆಟ್ ಕಟ್ಟೆಯಲ್ಲಿ ಕಾರ್ಡು ನಡೆಯುತ್ತದೆಂದು ನಂಬಿ ಹೋಗಬೇಡಿ.

ನಾಲ್ಕನೆಯದು: ಗಾಡಿ

ಹೆದ್ದಾರಿಗೆ ಯಾವ ಕಾರಾದರೂ ಆಗುತ್ತದೆ. ಬಯಲಿಗೆ ಫೋರ್ ವೀಲ್ ಡ್ರೈವ್ ಬೇಕು, ಸಾಧ್ಯವಾದರೆ ಒಂದಲ್ಲ, ಎರಡು. ಮೇಲೆ ಡೇರೆ ಇರುವ ಗಾಡಿಗಳು ಮೌನ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಕೊಡುವವರು ಕೀಲಿ ಕೈಗಿಡುವ ಮುನ್ನ ಐದು ವಸ್ತು ನೀವೇ ಮುಟ್ಟಿ ನೋಡಿ: ಗಾಳಿ ತುಂಬುವ ಪಂಪು, ಗಾಳಿಯ ಒತ್ತಡ ಅಳೆಯುವ ಮಾಪಕ, ಸಲಿಕೆ, ಎಳೆಯುವ ಹಗ್ಗ, ಜಾಕ್. ‘ಎಲ್ಲ ಇದೆ ಸರ್’ ಎಂಬ ಮಾತನ್ನು ನಂಬಿದ ನಮಗೆ ಒಂದು ಗಾಡಿಯಲ್ಲಿ ಪಂಪು ಸಿಕ್ಕಿತು, ಅದನ್ನು ಬ್ಯಾಟರಿಗೆ ಜೋಡಿಸುವ ತಂತಿ ಇರಲಿಲ್ಲ. ಜಾಕ್ ಜೊತೆಗೆ ಒಂದು ದಪ್ಪ ಹಲಗೆಯನ್ನೂ ಕೇಳಿ ಪಡೆಯಿರಿ. ಕೆಸರಿನ ಮೇಲೆ ಬರಿಯ ಜಾಕ್ ಇಟ್ಟರೆ ಗಾಡಿ ಮೇಲೇಳುವುದಿಲ್ಲ, ಜಾಕೇ ಕೆಳಗಿಳಿಯುತ್ತದೆ.

ಡಾಂಬರು ಬಿಟ್ಟ ಕೂಡಲೇ ಟೈರಿನ ಗಾಳಿ ಇಳಿಸಬೇಕು. 35 ಪಿಎಸ್‌ಐ ಸುಮಾರಿಗೆ ಇದ್ದ ಒತ್ತಡವನ್ನು ಮರಳಿನಲ್ಲಿ 20-22ಕ್ಕೆ ತಂದರೆ ಟೈರು ಒಂಟೆಯ ಪಾದದಂತೆ ಅಗಲವಾಗುತ್ತದೆ. ಮರಳಿ ಡಾಂಬರು ಹತ್ತುವಾಗ ತುಂಬಿಸುವುದನ್ನು ಮರೆತರೆ ಟೈರು ಸಿಡಿಯುತ್ತದೆ.

ಬಹಳ ಮಂದಿಗೆ ಗೊತ್ತಿಲ್ಲದ ಅಪಾಯ ಹುಲ್ಲಿನದು. ಬಯಲು ತಲುಪುವ ಮೊದಲು ಸೊಂಟದೆತ್ತರದ ಒಣ ಹುಲ್ಲಿನ ನಡುವೆ ಜಾಡು ಹಿಡಿದು ಹೋಗಬೇಕು. ಹುಲ್ಲಿನ ಬೀಜ ರೇಡಿಯೇಟರ್ ಮುಚ್ಚಿ ಎಂಜಿನ್ ಕಾಯಿಸುತ್ತದೆ. ಗಾಡಿಯ ಹೊಟ್ಟೆಯ ಕೆಳಗೆ ಹೊಗೆಕೊಳವೆಯ ಸುತ್ತ ಸಿಕ್ಕಿಕೊಂಡ ಹುಲ್ಲು ಬಿಸಿಗೆ ಹೊತ್ತಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಬಗ್ಗಿ ನೋಡಿ, ಕೋಲಿನಿಂದ ಕೆದರಿ ತೆಗೆಯಿರಿ. ಇದು ಬೇಸರದ ಕೆಲಸ, ಆದರೂ ಬಿಡಬೇಡಿ. ಹೆದ್ದಾರಿಯಲ್ಲಿ ಬೇರೆ ಬಗೆಯ ಕಾಟ: ಕತ್ತೆ ಮತ್ತು ದನ. ಕತ್ತಲಾದ ಮೇಲೆ ಓಡಿಸಲೇಬೇಡಿ. ಅಲ್ಲಿನ ಕತ್ತೆಗಳು ಹೆಡ್‌ಲೈಟಿನ ಬೆಳಕಿಗೆ ಕಿವಿ ಕೂಡ ಅಲುಗಿಸುವುದಿಲ್ಲ.

ಐದನೆಯದು: ನೀರು, ಇಂಧನ, ಊಟ

ತಲೆಗೆ ದಿನಕ್ಕೆ ಐದು ಲೀಟರ್ ನೀರು, ಜೊತೆಗೆ ಒಂದು ದಿನದ ಹೆಚ್ಚುವರಿ. ಒಂದೇ ದೊಡ್ಡ ಡಬ್ಬ ಬೇಡ. ಅದು ಸೋರಿದರೆ ಕತೆ ಮುಗಿಯಿತು. ಇಂಧನ ನಾಟಾ, ಗ್ವೆಟಾ, ಲೆಟ್ಲಕಾನೆ ಹೀಗೆ ಸಿಕ್ಕ ಕೊನೆಯ ಬಂಕಿನಲ್ಲಿ ಅಂಚಿನವರೆಗೆ ತುಂಬಿಸಿ. ಮರಳಿನಲ್ಲಿ ಗಾಡಿ ಕುಡಿಯುವ ಲೆಕ್ಕವೇ ಬೇರೆ. ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ, ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಒಂಟಿ ಗಾಡಿಯಾದರೆ ಉಪಗ್ರಹ ಫೋನು ಬಾಡಿಗೆಗೆ ಪಡೆಯಿರಿ.

ಸಸ್ಯಾಹಾರಿಗಳು ಹಸಿದಿರಬೇಕಿಲ್ಲ. ಬೋಟ್ಸ್ವಾನಾದ ನಿತ್ಯದ ಊಟ ಬೊಗೊಬೆ, ಅಂದರೆ ಜೋಳದ ಹಿಟ್ಟಿನ ಗಟ್ಟಿ ಗಂಜಿ. ನಮ್ಮ ಬಿಳಿ ಜೋಳದ ನಂಟಿನದೇ ಧಾನ್ಯ. ಹುಳಿ ಬರಿಸಿ ಮಾಡುವ ಬಗೆಯೂ ಇದೆ, ಅಂಬಲಿ ಕುಡಿದು ಬೆಳೆದವರ ನಾಲಿಗೆಗೆ ಮೊದಲ ತುತ್ತಿಗೇ ಗುರುತು ಸಿಗುತ್ತದೆ. ಜೊತೆಗೆ ಮೊರೊಗೊ ಕೇಳಿ. ಅದು ಸೊಪ್ಪಿನ ಪಲ್ಯ, ಬಹಳ ಸಲ ಅಲಸಂದೆ ಸೊಪ್ಪಿನದು. ಪಟ್ಟಣ ಬಿಟ್ಟ ಮೇಲೆ ನೀವೇ ಅಡುಗೆ ಮಾಡಿಕೊಳ್ಳಬೇಕು. ನಮ್ಮನ್ನು ಕಾಪಾಡಿದ್ದು ಅವಲಕ್ಕಿ, ಹುರಿಹಿಟ್ಟು ಮತ್ತು ಶೇಂಗಾ ಚಟ್ನಿಪುಡಿ: ನೀರು ಕಡಿಮೆ, ಪಾತ್ರೆ ಕಡಿಮೆ. ಮನೆಯಿಂದ ತಂದ ತಿನಿಸು, ಹಣ್ಣುಗಳ ಮೇಲೆ ಗಡಿಯಲ್ಲಿ ನಿರ್ಬಂಧ ಇರಬಹುದು, ಮುಚ್ಚಿಡದೆ ಹೇಳಿಬಿಡಿ.

ಮಾಂಸ ಒಯ್ಯುವವರಿಗೆ ಒಂದು ಎಚ್ಚರಿಕೆ. ದನದ ಮಾಂಸವನ್ನು ಹೊರದೇಶಗಳಿಗೆ ಮಾರುವ ದೇಶವಾದ್ದರಿಂದ ಕಾಲುಬಾಯಿ ರೋಗ ಹರಡದಂತೆ ಉದ್ದುದ್ದ ಬೇಲಿ ಹಾಕಿದ್ದಾರೆ. ಬೇಲಿಯ ಗೇಟುಗಳಲ್ಲಿ ಹಸಿ ಮಾಂಸ, ಹಾಲು ಕಿತ್ತುಕೊಳ್ಳುತ್ತಾರೆ, ಇದ್ದಬದ್ದ ಚಪ್ಪಲಿ-ಬೂಟುಗಳನ್ನೆಲ್ಲ ಔಷಧಿಯ ನೀರಿನಲ್ಲಿ ಅದ್ದಿಸುತ್ತಾರೆ. ಕೈಗೆ ಸಿಗುವಂತೆ ಒಂದೇ ಚೀಲದಲ್ಲಿ ಪಾದರಕ್ಷೆಗಳನ್ನು ಇಟ್ಟುಕೊಂಡರೆ ಸಾಮಾನೆಲ್ಲ ಬಿಚ್ಚುವುದು ತಪ್ಪುತ್ತದೆ.

ಆರನೆಯದು: ಬಯಲಿಗೆ ಇಳಿಯುವುದು

ಮಾಟ್ಶುಮೊದಲ್ಲಿ ನಿಲ್ಲಿ. ಕುಬು ದ್ವೀಪವನ್ನು ನೋಡಿಕೊಳ್ಳುವುದು ಆ ಹಳ್ಳಿಯ ಗಾಯಿಂಗ್-ಒ ಸಮುದಾಯ ಟ್ರಸ್ಟ್. ಮೊದಲೇ ಜಾಗ ಕಾದಿರಿಸಿ, ಶುಲ್ಕ ಕಟ್ಟಿ, ರಸೀದಿ ಪಡೆಯಿರಿ. ಮಾತು ಶುರುಮಾಡುವ ಮುನ್ನ ನಮಸ್ಕಾರ ಹೇಳದಿದ್ದರೆ ಅಲ್ಲಿ ಅದು ಒರಟುತನ. ಗಂಡಸಿಗೆ ‘ದುಮೆಲಾ ರ್ರಾ’, ಹೆಂಗಸಿಗೆ ‘ದುಮೆಲಾ ಮ್ಮಾ’. ಆ ‘ಮ್ಮಾ’ ನಮ್ಮ ‘ಅಮ್ಮಾ’ ಇದ್ದಂತೆಯೇ ಕೆಲಸ ಮಾಡುತ್ತದೆ, ಅಂಗಡಿಯವಳಿಂದ ಅಧಿಕಾರಿಯವರೆಗೆ. ದುಡ್ಡು ಕೊಡುವಾಗ ಬಲಗೈಯಲ್ಲಿ ಕೊಟ್ಟು ಎಡಗೈಯಿಂದ ಬಲ ಮುಂಗೈಯನ್ನು ಮುಟ್ಟಿಕೊಂಡರೆ ಎದುರಿನವರ ಮುಖ ಅರಳುತ್ತದೆ. ನಂತರ ಕೇಳಬೇಕಾದ ಪ್ರಶ್ನೆ: ‘ಬಯಲು ಇವತ್ತು ಒಣಗಿದೆಯೇ? ನಿನ್ನೆ ಯಾರಾದರೂ ದಾಟಿದರೇ?’ ಇಂಟರ್‌ನೆಟ್ಟಿನಲ್ಲಿ ಇದಕ್ಕೆ ಉತ್ತರವಿಲ್ಲ.

ನಾವು ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋದೆವು. ಬಯಲಿನ ಅಂಚಿನಲ್ಲಿ ಅವರು ಗಾಡಿ ನಿಲ್ಲಿಸಿ, ಇಳಿದು, ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ಒಂದು ಸುತ್ತು ತಿರುಗಿಸಿದರು. ಮೇಲಿನ ತೊಗಟೆ ಹಪ್ಪಳದಂತೆ ಮುರಿಯಿತು. ಬೆರಳು ದಪ್ಪದ ಬಿಳಿ ಪದರ, ಅದರ ಕೆಳಗೆ ಒಣ ಬೂದು ಪುಡಿ. ಹತ್ತು ಹೆಜ್ಜೆ ಒಳಗೆ ಹೋಗಿ ಮತ್ತೆ ಹಾಗೆಯೇ ಮಾಡಿದರು. ಈ ಸಲ ಕೆಳಗಿನದು ಕಪ್ಪು, ಮೇಣದಂತೆ ಹೊಳೆಯುತ್ತಿತ್ತು, ಹಿಮ್ಮಡಿಗೆ ಅಂಟಿಕೊಂಡು ಬಂತು. ‘ಇದು ಕೆರೆ,’ ಎಂದರು. ಮೇಲಿನಿಂದ ನೋಡಿದರೆ ಎರಡೂ ಕಡೆ ನೆಲ ಒಂದೇ ಬಣ್ಣ.

ಆದ್ದರಿಂದ ನಿಯಮ ಸರಳ. ಹಿಂದಿನವರ ಚಕ್ರದ ಜಾಡು ಬಿಡಬೇಡಿ. ಜಾಡು ಕವಲೊಡೆದರೆ ಹೆಚ್ಚು ಸವೆದದ್ದನ್ನು ಹಿಡಿಯಿರಿ. ಹುಲ್ಲು ಇರುವಲ್ಲಿ ತಳದಲ್ಲಿ ಮರಳಿದೆ, ನಂಬಬಹುದು. ಬೋಳು ನೆಲದಲ್ಲಿ ಕಪ್ಪು ಛಾಯೆ ಕಂಡರೆ ಹಿಂದಕ್ಕೆ ಬನ್ನಿ. ಎರಡು ಗಾಡಿಗಳಿದ್ದರೆ ನಡುವೆ ನೂರು ಮೀಟರ್ ಅಂತರವಿರಲಿ, ಒಂದೇ ಕೆಸರಿಗೆ ಎರಡೂ ಬೀಳದಂತೆ. ‘ಎಷ್ಟು ಅಗಲದ ಬಯಲು, ಹೇಗೆ ಬೇಕಾದರೂ ಓಡಿಸಬಹುದಲ್ಲ’ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಒಮ್ಮೆ ಮೂಡಿದ ಚಕ್ರದ ಗುರುತು ಇಲ್ಲಿ ವರ್ಷಗಟ್ಟಲೆ ಅಳಿಯುವುದಿಲ್ಲ. ಯಾರೋ ಮೋಜಿಗೆ ಎಂಟರ ಆಕಾರದಲ್ಲಿ ಸುತ್ತಿದ ಕಲೆಯನ್ನು ನಾವು ಕಂಡೆವು, ಬಿಳಿ ಪಂಚೆಯ ಮೇಲೆ ಶಾಯಿ ಚೆಲ್ಲಿದಂತೆ.

ಕೆಳಗೆ ನೋಡಿಕೊಂಡು ನಡೆದರೆ ಅಲ್ಲಲ್ಲಿ ಚೂಪಾದ ಕಲ್ಲಿನ ಚಕ್ಕೆಗಳು ಕಾಣುತ್ತವೆ. ಸರೋವರದ ದಂಡೆಯಲ್ಲಿ ಬದುಕಿದ್ದ ಶಿಲಾಯುಗದ ಜನರ ಹತಾರಗಳವು. ಆಧುನಿಕ ಮನುಷ್ಯನ ಮೂಲನೆಲೆಯೇ ಇದೆಂದು 2019ರಲ್ಲಿ ತಳಿಶಾಸ್ತ್ರದ ಅಧ್ಯಯನವೊಂದು ಹೇಳಿತು, ಹಲವು ತಜ್ಞರು ಒಪ್ಪಲಿಲ್ಲ. ಆ ಜಗಳ ಅವರಿಗಿರಲಿ. ನೀವು ಬಗ್ಗಿ ನೋಡಿ, ಫೋಟೊ ತೆಗೆಯಿರಿ, ಜೇಬಿಗೆ ಹಾಕಬೇಡಿ.

ಹೂತುಹೋದರೆ

ನಾವು ಹೂತುಹೋದೆವು. ತಪ್ಪು ನನ್ನದೇ. ಸೂರ್ಯ ಗಾಡಿಯ ಹಿಂದೆ ಬರುವಂತೆ ಫೋಟೊ ಬೇಕಿತ್ತು. ಹಿರಿಯರು ಮುಂದಿನ ಗಾಡಿಯಲ್ಲಿದ್ದರು. ಜಾಡು ಬಿಟ್ಟು ಹದಿನೈದು ಮೀಟರ್ ಪಕ್ಕಕ್ಕೆ ಹೋದೆ. ತೊಗಟೆ ಮುರಿದ ಸದ್ದು ಕೇಳಿಸಿತು, ಹಿಂದಿನ ಚಕ್ರಗಳು ಮೆಲ್ಲನೆ ಇಳಿದವು. ಹೆದರಿಕೆಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಇನ್ನೊಂದು ಅಡಿ ಇಳಿಯಿತು. ಆಗ ಹಿರಿಯರು ಮಾಡಿಸಿದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತೇನೆ.

1. ಆಕ್ಸಿಲರೇಟರ್ ಬಿಡಿ. ಚಕ್ರ ತಿರುಗಿದಷ್ಟೂ ಗುಂಡಿ ಆಳ. ಎಲ್ಲರೂ ಇಳಿಯಿರಿ, ಭಾರದ ಸಾಮಾನು ಇಳಿಸಿ.

2. ನಾಲ್ಕೂ ಟೈರಿನ ಗಾಳಿ ಇನ್ನಷ್ಟು ಇಳಿಸಿ, 15ರವರೆಗೆ.

3. ಚಕ್ರಗಳ ಹಿಂದಿನ ಕೆಸರನ್ನು ಇಳಿಜಾರಾಗಿ ಕೆತ್ತಿ ತೆಗೆಯಿರಿ. ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದ್ದರೆ ಅಲ್ಲಿಯದನ್ನೂ. ಅತಿ ಹೆಚ್ಚು ಸಮಯ ಹಿಡಿಯುವುದು ಇದೇ. ಕೆಸರು ಸಲಿಕೆ ಬಿಟ್ಟು ಬರುವುದಿಲ್ಲ.

4. ಹಲಗೆ, ಕಾಲೊರಸು, ಸಿಕ್ಕಿದ್ದನ್ನು ಚಕ್ರದ ಅಡಿಗೆ ಕೊಡಿ.

5. ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ. ಮುಂದೆ ಹೋಗಿ ತಿರುಗಿಸುವ ಯೋಚನೆ ಬೇಡ. ಇನ್ನೊಂದು ಗಾಡಿ ಎಳೆಯುವುದಾದರೆ ಅದು ಗಟ್ಟಿ ನೆಲದಲ್ಲೇ ಇರಲಿ, ಹಗ್ಗದ ಹತ್ತಿರ ಯಾರೂ ನಿಲ್ಲಬಾರದು.

ಹಗ್ಗ ಕಟ್ಟಿ ಎಳೆಯಲು ಕಣ್ಣಿಗೆ ಕಾಣುವಷ್ಟು ದೂರ ಒಂದು ಮರವೂ ಇಲ್ಲ. ಒಂಟಿ ಗಾಡಿಯವರು ಹೆಚ್ಚುವರಿ ಚಕ್ರವನ್ನು ಆಳವಾಗಿ ಹೂತು ಅದನ್ನೇ ಗೂಟ ಮಾಡಿಕೊಳ್ಳಬೇಕಾಗುತ್ತದೆ. ನಮಗೆ ಎರಡೂವರೆ ಗಂಟೆ ಹಿಡಿಯಿತು. ಫೋಟೊ ಚೆನ್ನಾಗಿ ಬರಲಿಲ್ಲ.

ಯಾವುದೂ ಫಲಿಸದಿದ್ದರೆ ಗಾಡಿ ಬಿಟ್ಟು ನಡೆದುಹೋಗಬೇಡಿ. ‘ಅಗೋ ಅಲ್ಲಿ ಮರ ಕಾಣುತ್ತಿದೆ’ ಎನಿಸುತ್ತದೆ. ಬಯಲಿನಲ್ಲಿ ಎರಡು ಕಿಲೋಮೀಟರ್ ಮತ್ತು ಇಪ್ಪತ್ತು ಕಿಲೋಮೀಟರ್ ಒಂದೇ ಥರ ಕಾಣುತ್ತವೆ. ಬಿಸಿಲ್ಗುದುರೆ ನೀರಷ್ಟೇ ತೋರಿಸುವುದಿಲ್ಲ, ಮೋಟು ಹುಲ್ಲನ್ನು ತೋಪು ಮಾಡಿ ತೋರಿಸುತ್ತದೆ. ಗಾಡಿಯ ನೆರಳಿನಲ್ಲಿ ಕುಳಿತು ಕಾಯಿರಿ. ಹುಡುಕುವವರಿಗೆ ಕಾಣುವುದು ಗಾಡಿ, ನೀವಲ್ಲ.

ಏಳನೆಯದು: ಕುಬುವಿನಲ್ಲಿ ಒಂದು ರಾತ್ರಿ

ಕುಬು ಎಂದರೆ ಸೆಟ್ಸ್ವಾನಾದಲ್ಲಿ ನೀರಾನೆ. ಸುವಾ ಬಯಲಿನ ನೈಋತ್ಯದಲ್ಲಿ ಒಂದು ಕಿಲೋಮೀಟರ್ ಉದ್ದದ ಗ್ರಾನೈಟ್ ಬಂಡೆಗಳ ಗುಡ್ಡೆ, ಅದರ ತುಂಬ ಬಾವೊಬಾಬ್ ಮರಗಳು. ನೀರಿಲ್ಲದ ದ್ವೀಪ. ಬಂಡೆಗಳ ಮೇಲೆ ಬಿಳಿ ಬಣ್ಣ ಬಳಿದಂತೆ ಕಾಣುವುದು ಸುಣ್ಣವಲ್ಲ. ಸರೋವರವಿದ್ದ ಕಾಲದ ನೀರುಹಕ್ಕಿಗಳ ಹಿಕ್ಕೆ, ಕಲ್ಲಾಗಿ ಉಳಿದದ್ದು. ಬುಡದಲ್ಲಿ ಅಲೆಗಳು ಉರುಳಿಸಿ ನುಣುಪು ಮಾಡಿದ ಗುಂಡುಕಲ್ಲುಗಳಿವೆ. ಒಂದು ಬದಿಗೆ ಅರ್ಧಚಂದ್ರಾಕಾರದ ಹಳೆಯ ಕಲ್ಲಿನ ಗೋಡೆ. ಸುತ್ತಲ ಜನರಿಗೆ ಇದು ಪೂಜೆಯ ಜಾಗ, ರಾಷ್ಟ್ರೀಯ ಸ್ಮಾರಕವೂ ಹೌದು. ಗೋಡೆ ಹತ್ತಬೇಡಿ, ಮರಕ್ಕೆ ಹೆಸರು ಕೆತ್ತಬೇಡಿ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಸವಣೂರಿನ ದೊಡ್ಡಹುಣಸೆಮರಗಳನ್ನು ನೋಡಿದವರು ಇಲ್ಲಿ ಒಮ್ಮೆ ನಿಂತುಬಿಡುತ್ತಾರೆ. ಅದೇ ಮರ. ಆಫ್ರಿಕಾದಿಂದ ಯಾವ ಕಾಲಕ್ಕೋ ಹಾವೇರಿ ಸೀಮೆಗೆ ಬಂದು, ಹಣ್ಣಿನ ತಿರುಳು ಹುಳಿಯಿರುವುದರಿಂದ ‘ದೊಡ್ಡ ಹುಣಸೆ’ ಎನಿಸಿಕೊಂಡಿತು. ಸವಣೂರಿನ ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಮೇಲಾಗಿ ಬಿದ್ದಾಗ ಅದನ್ನು ಮತ್ತೆ ಎತ್ತಿ ನೆಟ್ಟರು. ಚಾಪ್‌ಮನ್ ಮರಕ್ಕೆ ಆ ಅದೃಷ್ಟ ಬರಲಿಲ್ಲ. ನಮ್ಮ ಹಿರಿಯರಿಗೆ ಸವಣೂರಿನ ಫೋಟೊ ತೋರಿಸಿದೆ. ಮರದ ಸುತ್ತ ಕಟ್ಟೆ, ಪಕ್ಕದಲ್ಲಿ ಮಠ. ‘ಮೊವಾನಾ,’ ಎಂದು ಅವರ ಭಾಷೆಯ ಹೆಸರು ಹೇಳಿ, ಬೆರಳಿನಿಂದ ಚಿತ್ರ ಹಿಗ್ಗಿಸಿ ಕಾಂಡವನ್ನೇ ನೋಡುತ್ತಿದ್ದರು. ‘ಇದಕ್ಕೆ ನೀರು ಜಾಸ್ತಿ ಕೊಟ್ಟಿದ್ದೀರಿ.’

ಡೇರೆ ಹಾಕಲು ಗುರುತು ಮಾಡಿದ ಜಾಗಗಳಿವೆ. ನೀರಿಲ್ಲ, ಕರೆಂಟಿಲ್ಲ, ಗುಂಡಿ ಶೌಚಾಲಯ ಇದೆ. ಸೌದೆಯನ್ನು ಹಳ್ಳಿಯಿಂದಲೇ ಒಯ್ಯಬೇಕು, ದ್ವೀಪದ ಒಣಕೊಂಬೆ ಮುರಿಯುವಂತಿಲ್ಲ. ಕಸ ನಿಮ್ಮ ಜೊತೆಗೇ ವಾಪಸ್, ಕಿತ್ತಳೆ ಸಿಪ್ಪೆ ಕೂಡ. ಆ ಒಣಹವೆಯಲ್ಲಿ ಏನೂ ಕೊಳೆಯುವುದಿಲ್ಲ.

ಸಂಜೆ ಐದರೊಳಗೆ ಅಡುಗೆ ಮುಗಿಸಿ ಬಯಲಿಗೆ ಮುಖಮಾಡಿದ ಬಂಡೆ ಹತ್ತಿ ಕುಳಿತುಕೊಳ್ಳಿ. ಗಾಳಿ ನಿಂತಾಗ ನಿಮ್ಮದೇ ಕಿವಿಯೊಳಗಿನ ಸದ್ದು ಕೇಳಿಸುತ್ತದೆ. ಮೊದಲ ಹತ್ತು ನಿಮಿಷ ಅದು ಕಿರಿಕಿರಿ. ಫೋನು ತೆಗೆಯುವ ಮನಸ್ಸಾಗುತ್ತದೆ. ಆಮೇಲೆ ಕಣ್ಣು ಕೆಲಸ ಶುರುಮಾಡುತ್ತದೆ: ಬಿಳಿ ಎಂದುಕೊಂಡಿದ್ದ ನೆಲ ಮೊದಲು ಬೆಣ್ಣೆಯ ಬಣ್ಣ, ಆಮೇಲೆ ಈರುಳ್ಳಿ ಸಿಪ್ಪೆಯ ಬಣ್ಣ, ಕೊನೆಗೆ ನೇರಳೆ. ಮರದ ತೊಗಟೆ ತಾಮ್ರದ ಹಂಡೆಯಂತೆ ಹೊಳೆದು ಆರುತ್ತದೆ.

ದಿನಾಂಕ ಆರಿಸುವಾಗ ಪಂಚಾಂಗ ನೋಡಿಕೊಳ್ಳಿ. ಹುಣ್ಣಿಮೆಗೆ ಹೋದರೆ ಟಾರ್ಚ್ ಇಲ್ಲದೆ ಬಯಲಿನಲ್ಲಿ ನಡೆಯಬಹುದು, ನಿಮ್ಮ ನೆರಳು ಉಪ್ಪಿನ ಮೇಲೆ ಕಡುಕಪ್ಪಾಗಿ ಬೀಳುತ್ತದೆ. ಅಮಾವಾಸ್ಯೆಗೆ ಹೋದರೆ ನಕ್ಷತ್ರ. ನಮ್ಮಲ್ಲಿ ಬೇಸಿಗೆಯ ರಾತ್ರಿ ದಕ್ಷಿಣ ದಿಗಂತದ ಅಂಚಿನಲ್ಲಿ ಮಬ್ಬಾಗಿ ಇಣುಕುವ ತ್ರಿಶಂಕು ನಕ್ಷತ್ರ ಅಲ್ಲಿ ಮೇಲೆದ್ದು ನಿಂತಿರುತ್ತದೆ, ಆಕಾಶಗಂಗೆಯ ನಡುಭಾಗ ನೆತ್ತಿಯ ಮೇಲೆ. ಆಗಸ್ಟಿನಲ್ಲಿ ಹೋದವರು ಬೆಳಗಿನ ನಾಲ್ಕೂವರೆಗೆ ಎದ್ದರೆ ದಕ್ಷಿಣದಲ್ಲಿ ಎರಡು ಹತ್ತಿಯ ತುಣುಕು ಕಾಣುತ್ತವೆ. ಅವು ಮೋಡವಲ್ಲ, ಮ್ಯಾಗಲನ್ ಮೋಡಗಳೆಂದು ಹೆಸರಾದ ನೆರೆಯ ಗ್ಯಾಲಕ್ಸಿಗಳು. ಕರ್ನಾಟಕದಿಂದ ಅವನ್ನು ನೋಡುವ ಆಸೆ ಬಿಡಬೇಕು. ನಾನಾದರೆ ಅಮಾವಾಸ್ಯೆಯನ್ನೇ ಆರಿಸಿಕೊಳ್ಳುತ್ತೇನೆ.

ಎರಡು ರಾತ್ರಿ ಇರಿ. ಮೊದಲನೆಯದು ಗಾಡಿಯ ಕುಲುಕಾಟ ಇಳಿಯುವುದಕ್ಕೇ ಹೋಗುತ್ತದೆ.

ಮರಳುವಾಗ

ಬೆಳಗ್ಗೆ ತಂಪಿರುವಾಗಲೇ ಹೊರಡಿ, ಬಂದ ಜಾಡಿನಲ್ಲೇ. ಹಳ್ಳಿಯಲ್ಲಿ ವಾಪಸಾದ ಸುದ್ದಿ ಹೇಳಿಹೋಗಿ. ಇಲ್ಲವಾದರೆ ಯಾರೋ ಸುಮ್ಮನೆ ಹುಡುಕಲು ಹೊರಡುತ್ತಾರೆ. ಡಾಂಬರು ಸಿಕ್ಕೊಡನೆ ಟೈರಿಗೆ ಗಾಳಿ.

ಬಾಡಿಗೆ ಗಾಡಿ ಹಿಂತಿರುಗಿಸುವ ಮುನ್ನ ಹೊಟ್ಟೆಯ ಭಾಗವನ್ನು ಒತ್ತಡದ ನೀರಿನಿಂದ ತೊಳೆಸಲೇಬೇಕು. ಉಪ್ಪು ಕಬ್ಬಿಣ ತಿನ್ನುತ್ತದೆ, ಬಾಡಿಗೆಯವರು ಟಾರ್ಚ್ ಹಾಕಿ ನೋಡುತ್ತಾರೆ, ಠೇವಣಿಯಲ್ಲಿ ಹಿಡಿದುಕೊಳ್ಳುತ್ತಾರೆ. ಮೌನ್‌ನಲ್ಲಿ ರಸ್ತೆ ಬದಿ ಗಾಡಿ ತೊಳೆಯುತ್ತಿದ್ದ ಹುಡುಗನ ಹತ್ತಿರ ನಿಲ್ಲಿಸಿದೆವು. ದರ ಮಾತಾಡಿಯಾಯಿತು. ಅವನು ಬಗ್ಗಿ ಚಕ್ರದ ಒಳಭಾಗಕ್ಕೆ ಕೈ ಹಾಕಿ, ಗಟ್ಟಿಯಾಗಿದ್ದ ಬೂದು ಹೆಂಟೆಯೊಂದನ್ನು ಕಿತ್ತು, ಅಂಗೈಯಲ್ಲಿ ಮುರಿದು ನೋಡಿದ. ನಾವೇನೂ ಹೇಳಿರಲಿಲ್ಲ. ‘ಮಖಾಡಿಖಾಡಿ,’ ಎಂದು ನಕ್ಕು ದರವನ್ನು ಎರಡರಷ್ಟು ಮಾಡಿದ.